ಎರಡನೇ ವರ್ಷದ ಬಾಗಿಲ ಹೊರಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಕೆಳಮಹಡಿಯ ತರಗತಿಯಲ್ಲಿ ಅಧ್ಯಾಪಕಿಯೊಬ್ಬರು ಬೆಂಚುಗಳನ್ನು ತಾವೇ ಎಳೆದು ದುಂಡಗೆ ಜೋಡಿಸುತ್ತಿದ್ದಾರೆ. ಮೇಜಿನ ಮೇಲೆ ಚಮಚ, ಬಾಚಣಿಗೆ, ಬೀಗ, ಒಂದು ಆಟಿಕೆ ಗಡಿಯಾರ. ಪರಭಾಷೆಯ ಮೊದಲ ಪಾಠ ಇವುಗಳಿಂದಲೇ. ಮುಂದಿನ ಪಾಠದವರು ಬರುವ ಮೊದಲು ಎಲ್ಲವನ್ನೂ ಚೀಲಕ್ಕೆ ತುಂಬಿ, ಬೆಂಚುಗಳನ್ನು ಮತ್ತೆ ಸಾಲಿಗೆ ತಳ್ಳಿ ಜಾಗ ಖಾಲಿ ಮಾಡಬೇಕು. ವಿದ್ಯಾರ್ಥಿಗಳು ಇವರಿಗೆ ಇಟ್ಟಿರುವ ಹೆಸರು ಓನಾಮ ಮೇಡಂ.

ಕಾಗದದ ಮೇಲೆ ಇವರು ಅತಿಥಿ ಉಪನ್ಯಾಸಕಿ. ಅತಿಥಿಗೆ ಕೂರಲು ಕೋಣೆಯಿಲ್ಲ. ಮೆಟ್ಟಿಲ ತಿರುವಿನ ಕಿಟಕಿಕಟ್ಟೆಯೇ ಕಚೇರಿ. ರಜೆ ಬಂತೆಂದರೆ ಸಂಬಳವೂ ರಜೆ ಹಾಕುತ್ತದೆ. ಅದೆಲ್ಲ ಅಭ್ಯಾಸವಾಗಿದೆ ಎಂದು, ಇವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಅಭ್ಯಾಸವಾಗದ್ದು ಒಂದೇ. ಇಲ್ಲಿ ಮೊದಲ ವರ್ಷ ಅತಿಥಿಗಳಿಗೆ, ಎರಡನೇ ವರ್ಷ ಕಾಯಂ ಅಧ್ಯಾಪಕರಿಗೆ. ತೊದಲು ಕೇಳುವುದು ಇವರ ಪಾಲು. ನಾಲಿಗೆ ತಿರುಗುವ ಹೊತ್ತಿಗೆ ಮಕ್ಕಳು ಇನ್ನೊಬ್ಬರ ತರಗತಿಯಲ್ಲಿ. ಹತ್ತಾರು ವರ್ಷಗಳಿಂದ ಹೀಗೇ ನಡೆದಿದೆ.

"ಅಮ್ಮ ಇನ್ನೂ ಪಾಸಾಗಿಲ್ಲ, ಅದಕ್ಕೇ ಪ್ರತಿ ವರ್ಷ ಅದೇ ಕ್ಲಾಸಲ್ಲಿ ಕೂತಿದಾಳೆ ಅಂತಾಳೆ ನನ್ನ ಮಗಳು," ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಎರಡನೇ ವರ್ಷದ ಅಧ್ಯಾಪಕರು ಈಗ ನಿವೃತ್ತರಾಗುತ್ತಿದ್ದಾರೆ. ಆ ತರಗತಿ ತಮಗೆ ಸಿಗಬಹುದೇ ಎಂದು ಮೇಡಂ ಧೈರ್ಯ ಮಾಡಿ ವಿಭಾಗದ ಮುಖ್ಯಸ್ಥರನ್ನು ಕೇಳಿಯೇಬಿಟ್ಟರು.

"ಆ ಜಾಗಕ್ಕೆ ಹೊಸಬರು ಬರ್ತಾರಮ್ಮ. ನಿಮ್ಮ ಹಾಗೆ ಓನಾಮ ಕಲಿಸೋರು ಇನ್ನೊಬ್ಬರಿಲ್ಲ. ನಿಮ್ಮನ್ನ ಅಲ್ಲಿಂದ ಎಬ್ಬಿಸಿದ್ರೆ ನನ್ನ ಗತಿ ಏನು?" ಎಂದರಂತೆ ಅವರು.

ಕೇಳಿ ನನಗೇ ರೇಗಿತು. ಕೆಲಸ ಚೆನ್ನಾಗಿ ಮಾಡಿದ್ದೇ ತಪ್ಪಾಯಿತೇ?

ಮಧ್ಯಾಹ್ನ ಮೇಡಂ ಜೊತೆ ಪಡಸಾಲೆಯಲ್ಲಿ ನಡೆಯುತ್ತಿದ್ದೇನೆ. ಎರಡನೇ ವರ್ಷದ ಬಾಗಿಲ ಬಳಿ ಅವರ ಕಾಲು ತಾನಾಗಿ ನಿಲ್ಲುತ್ತದೆ. ಒಳಗೆ ಹುಡುಗಿಯೊಬ್ಬಳು ಯಾವುದೋ ಕಥೆಯ ಕೊನೆ ಸರಿಯಿಲ್ಲವೆಂದು ಅಧ್ಯಾಪಕರ ಜೊತೆ ಆ ಪರಭಾಷೆಯಲ್ಲೇ ಪಟ್ಟುಹಿಡಿದು ವಾದಿಸುತ್ತಿದ್ದಾಳೆ. ಉಳಿದವರು ಗೊಳ್ಳೆಂದು ನಗುತ್ತಿದ್ದಾರೆ.

"ಹೋದ ವರ್ಷ 'ನೀರು ಕೊಡಿ' ಅನ್ನೋಕೆ ಬೆವರ್ತಿದ್ಲು," ಎಂದು ಮೇಡಂ ಪಿಸುಗುಡುತ್ತಾರೆ. ಮುಖದಲ್ಲಿ ಹಿಗ್ಗೂ ಇದೆ, ಹೊಟ್ಟೆಕಿಚ್ಚೂ ಇದೆ.

ಕಾಯಂ ಕೆಲಸ ಬೇಡವೇ ಎಂದು ಕೇಳುತ್ತೇನೆ.

"ಬೇಕು, ಯಾಕೆ ಬೇಡ? ಆದ್ರೆ ಅದಕ್ಕಿಂತ ಮೊದ್ಲು ಇನ್ನೊಂದು ಆಸೆ ಇದೆ. ನನ್ನ ಕ್ಲಾಸಿನ ಮಕ್ಕಳು ನಂಗೆ ಹೆಸರು ಹೇಳಿದಾರೆ, ಊರು ಹೇಳಿದಾರೆ, ಹಸಿವು ಅಂದಿದಾರೆ. ಒಂದೇ ಒಂದ್ಸಲ ಆ ಭಾಷೇಲಿ ನನ್ನ ಜೊತೆ ಜಗಳ ಆಡ್ಬೇಕು. ನಾನು ಸೋಲ್ಬೇಕು."