ಇಂಗ್ಲಿಷಿನ ತಲೆಯ ಮೇಲೆ ಕನ್ನಡ

ಸಂಜೆ ಶಾಲೆಯಿಂದ ಬಂದು ಕಾಫಿ ಲೋಟ ಹಿಡಿದು ಕೂತರೆ ನನಗೆ ಮೊದಲು ನೋಯುವುದು ಕಾಲಲ್ಲ, ದವಡೆ. ನಗಬೇಡಿ ಸ್ನೇಹಿತರೇ, ಕೊಡಗಿನ ಹುದಿಕೇರಿಯ ಮಕ್ಕಳಿಗೆ ಇಪ್ಪತ್ತಾರು ವರ್ಷಗಳಿಂದ ಬಾಯಿ ಅಗಲಿಸಿ, ತುಟಿ ಚೂಪು ಮಾಡಿ ಇಂಗ್ಲಿಷಿನ ಸ್ವರಗಳನ್ನು ಹೇಳಿಕೊಟ್ಟವಳ ದವಡೆ ಇದು. ನಮ್ಮ ಕನ್ನಡದ ಸ್ವರಗಳು ಎಂಥ ಸಾಧುಗಳು! ಬರೆದಲ್ಲಿ ಕೂತಿರುತ್ತವೆ, ಕರೆದರೆ ಓಗೊಡುತ್ತವೆ. ಇಂಗ್ಲಿಷಿನವೋ, ಐದೇ ಅಕ್ಷರಗಳೊಳಗೆ ಅಷ್ಟೂ ದನಿಗಳನ್ನು ತುರುಕಿಕೊಂಡು, ಊರಿಗೊಂದು ಹೆಸರು ಹೇಳಿಕೊಂಡು ತಿರುಗುತ್ತವೆ. ತೂಕದ ವೇಟ್‌ನಲ್ಲಿ ಏ ಎನ್ನುವ ಜೋಡಿ ಸ್ವರಾಕ್ಷರವೇ ಎತ್ತರದ ಹೈಟ್‌ಗೆ ಬಂದಾಗ ಐ ಎನ್ನುತ್ತದೆ. ಯಾಕೆ ಟೀಚರ್ ಎಂದು ಮಕ್ಕಳು ಕೇಳಿದರೆ, ಅದು ಹಾಗೇ ಎನ್ನುವುದೊಂದೇ ನನ್ನ ಉತ್ತರ. ಹೇಳಿ ಹೇಳಿ ಸಾಕಾಗಿ ಹೋಗಿದೆ.

ಇದಕ್ಕೆ ಮಕ್ಕಳು ಕಂಡುಕೊಂಡ ಉಪಾಯವನ್ನು ನೀವೂ ಮಾಡಿರಬಹುದು: ಪ್ರತಿ ಇಂಗ್ಲಿಷ್ ಪದದ ತಲೆಯ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಅದರ ಉಚ್ಚಾರ. ನನಗೆ ಅದನ್ನು ಕಂಡರಾಗದು.

ಜಾನಕಿ ನಮ್ಮ ಮನೆಯ ಹಿಂದಿನ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವವಳು. ಬೆನ್ನುನೋವು ಅಂಟಿಕೊಂಡ ಮೇಲೆ ಗುಡ್ಡ ಹತ್ತಿ ಕೊಯ್ಯುವುದು ಅವಳಿಗೆ ಕಷ್ಟವಾಗತೊಡಗಿತ್ತು. ಅಷ್ಟರಲ್ಲಿ, ಆಳುಗಳ ಹಾಜರಿಯನ್ನೂ ಹಣ್ಣಿನ ತೂಕವನ್ನೂ ಬರೆಯುವ ರೈಟರು ಕೆಲಸ ಬಿಟ್ಟು ಹೋದರು. ಆ ಜಾಗಕ್ಕೆ ತಾನು ಯಾಕಾಗಬಾರದು ಎಂದು ಇವಳು ಕೇಳಿಯೇಬಿಟ್ಟಳು. ಮ್ಯಾನೇಜರು ಇಂಗ್ಲಿಷಿನದೊಂದು ಹಾಳೆ ಕೊಟ್ಟು, ಸೋಮವಾರ ಇದನ್ನೇ ತಂದು ನನ್ನೆದುರು ಓದು ಎಂದರಂತೆ.

ದಿನವೂ ಸಂಜೆ ನಮ್ಮ ಜಗಲಿಯಲ್ಲಿ ಕೂತು, ನನ್ನನ್ನು ಕೇಳಿ ಕೇಳಿ ಪದಗಳ ಮೇಲೆ ಕನ್ನಡ ಬರೆದುಕೊಂಡು ಅವಳು ಓದುತ್ತಿದ್ದಳು. ಭಾನುವಾರ, ನಲವತ್ತು ನೋಟ್‌ಬುಕ್ಕು ತಿದ್ದಿ ನನ್ನ ತಲೆ ಸಿಡಿಯುತ್ತಿತ್ತು. ಅವಳ ಕಣ್ಣು ಇಂಗ್ಲಿಷಿನ ಮೇಲಿಲ್ಲ, ಪೆನ್ಸಿಲ್ ಬರಹದ ಮೇಲಿದೆ ಎಂದು ಕಂಡದ್ದೇ ರೇಗಿಹೋಯಿತು. "ಹಿಂಗೆ ಓದಿದ್ರೆ ಏಳೇಳು ಜನ್ಮಕ್ಕೂ ಇಂಗ್ಲಿಷ್ ಬರಲ್ಲ ಕಣೇ!" ಎಂದು ರಬ್ಬರು ತೆಗೆದುಕೊಂಡು ಅಷ್ಟನ್ನೂ ಅಳಿಸಿಬಿಟ್ಟೆ. ಅವಳು ರಬ್ಬರಿನ ಪುಡಿಯನ್ನು ಊದಿ, ಹಾಳೆ ಮಡಚಿಕೊಂಡು ಹೋದಳು.

ಮಂಗಳವಾರ ಗೇಟಿನ ಹತ್ತಿರ ಸಿಕ್ಕಾಗ ಕೇಳಿದೆ, "ಏನಾಯ್ತೇ?"

"ಓದ್ಲಿಕ್ಕೇ ಆಗ್ಲಿಲ್ಲ ಟೀಚರೇ. ಕೇರಳದ ಗಡಿ, ಮಾಕುಟ್ಟ ಕಡೆಯ ಒಬ್ರಿಗೆ ಆಯ್ತು ಕೆಲ್ಸ." ಸೆರಗು ಸಿಕ್ಕಿಸಿಕೊಳ್ಳುತ್ತ ಹೇಳಿದಳು, "ಅವ್ರ ಹಾಳೇಲಿ ಒಂದೊಂದು ಪದದ ಮೇಲೂ ಮಲಯಾಳದಲ್ಲಿ ಬರ್ಕೊಂಡಿದ್ರು. ಮ್ಯಾನೇಜರು ನೋಡಿ ನಕ್ರು, ಏನೂ ಹೇಳ್ಲಿಲ್ಲ."

ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ನನ್ನೊಡನೆ ಕನ್ನಡ ಆಡುವ ಹೆಂಗಸು ಅವಳು. ಒಂದು ಮಾತಿನ ಹೆಗಲು ಹಿಡಿಯದೆ ಇನ್ನೊಂದಕ್ಕೆ ದಾಟಿದವರು ಈ ಕೊಡಗಿನಲ್ಲಿ ಯಾರಿದ್ದಾರೆ? ನಾನೇನು ಇಂಗ್ಲಿಷನ್ನು ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದವಳೇ?

"ತಪ್ಪಾಯ್ತು ಜಾನಕಿ" ಎಂದೆ.

"ಅಯ್ಯೋ, ಬಿಡಿ ಟೀಚರೇ. ನಂಗೆ ಒಳ್ಳೇದಾಗ್ಲಿ ಅಂತ ತಾನೇ ನೀವು ಅಳಿಸಿದ್ದು" ಎಂದು, ಬೆನ್ನಿಗೆ ಕೈ ಕೊಟ್ಟುಕೊಂಡು ಮತ್ತೆ ಹಣ್ಣಿನ ಪಿಕ್ಕಿಂಗಿಗೆ ಹೊರಟಳು.

ಅಲ್ಲ. ಅವತ್ತು ನನಗೆ ಸುಸ್ತಾಗಿತ್ತು, ಅದಕ್ಕೆ ಅಳಿಸಿದೆ. ಅದನ್ನು ಅವಳಿಗೆ ಹೇಳಲಿಲ್ಲ.