ಕಾಲುವೆ ದಂಡೆಯ ಮೇಲೆ ಡಾಕ್ಟರು

ಮನೋವೈದ್ಯರನ್ನು ಕಾಣಬೇಕೆಂದು ತೀರ್ಮಾನಿಸಿದ ಕೂಡಲೇ ನನಗೆ ಹೊಸದೊಂದು ಅಂಜಿಕೆ ಹತ್ತಿಕೊಂಡಿತು: ಯಾರಾದರೂ ನೋಡಿದರೆ? ನಮ್ಮ ಸಿಂಧನೂರಿನಲ್ಲಿ ದವಾಖಾನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನಾಲ್ಕು ಮಂದಿ ನಮಸ್ಕಾರ ಹೇಳುತ್ತಾರೆ. ಲಿಂಗಸುಗೂರು ಹೆಂಡತಿಯ ತವರು. ಮಸ್ಕಿಯಲ್ಲಿ ನಾನೇ ಹೈಸ್ಕೂಲು ಮಾಸ್ತರ. ಹೀಗಾಗಿ ಫೋನಿನಲ್ಲೇ ಮುಖ ನೋಡಿ ಮಾತಾಡುವ, ದೂರದ ಊರಿನ ಡಾಕ್ಟರಮ್ಮನೊಬ್ಬರನ್ನು ಹಿಡಿದೆ.

ಕಾಯಿಲೆ ಇಷ್ಟೇ: ಪಾಠ ಮಾಡುತ್ತಿರುವಾಗಲೇ ಎದೆ ಡವಗುಟ್ಟಿ, ಕೈ ತಣ್ಣಗಾಗಿ, ಸತ್ತೇಬಿಟ್ಟೆ ಎನಿಸುವುದು. ಹೃದಯ ಸರಿಯಾಗಿದೆಯೆಂದು ತಪಾಸಣೆ ಮಾಡಿದವರು ಹೇಳಿದಾಗ, ಹಾಗಾದರೆ ಕೆಟ್ಟಿರುವುದು ತಲೆಯೇ ಎಂದು ಇನ್ನಷ್ಟು ಹೆದರಿದೆ. ಮನೆಯಲ್ಲಿ ಮಾತ್ರ ಗ್ಯಾಸ್ ಎಂದಿದ್ದೆ. ಹೆಂಡತಿ ಪಾಪ, ನಂಬಿ ಅಜವಾನದ ನೀರು ಕುದಿಸಿ ಕೊಡುತ್ತಿದ್ದಳು.

ಡಾಕ್ಟರಮ್ಮ ಮೊದಲ ಸಲವೇ ಎಲ್ಲ ವಿಚಾರಿಸಿದ್ದರು: ಎಷ್ಟು ಚಹಾ, ಯಾವ ಬಸ್ಸು, ಯಾವ ಪಿರಿಯಡ್‌ನಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಪಾಠದ ನಡುವೆ ತೂಕಡಿಕೆ ಬರದಂತೆ ಗುಳಿಗೆಯ ಹೊತ್ತನ್ನೂ ನನಗೆ ತಕ್ಕಂತೆ ಗೊತ್ತುಮಾಡಿದ್ದರು. ಅಂಥವರಿಂದಲೂ ಒಂದು ಮಾತನ್ನು ನಾನು ಮುಚ್ಚಿಟ್ಟಿದ್ದೆ.

ಎರಡನೆಯ ಭೇಟಿಯ ದಿನ ಮನೆತುಂಬ ಬೀಗರು. ಏಕಾಂತ ಹುಡುಕಿಕೊಂಡು ಗೊರೇಬಾಳದ ಕಡೆ ಕಾಲುವೆ ದಂಡೆಗೆ ಹೋದೆ. ನೀರು ತುಂಬಿ ಹರಿಯುತ್ತಿತ್ತು. ನೋಡಬಾರದೆಂದು ಅದಕ್ಕೆ ಬೆನ್ನು ಮಾಡಿ ನಿಂತು, ಫೋನ್ ಮುಖದ ಮುಂದೆ ಹಿಡಿದೆ. ನನಗೆ ಕಾಣದ ನೀರು ಡಾಕ್ಟರಮ್ಮನಿಗೆ ಚೆನ್ನಾಗಿ ಕಂಡಿತು.

“ಎಲ್ಲಿದ್ದೀರಿ ನೀವು?” ಎಂದರು ಗಾಬರಿಯಿಂದ.

ಅಷ್ಟರಲ್ಲಿ ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ; ಅಲ್ಲೇ ಭತ್ತದ ಗದ್ದೆಯಲ್ಲಿದ್ದವರು, ಕೈಯೆಲ್ಲ ಕೆಸರು.

“ಮಾಸ್ತರ್ರ, ಏನ್ ಮಾಡಾಕತ್ತೀರಿ? ಹಿಂದಕ್ಕ ಸರೀರಿ!”

“ಡಾಕ್ಟರ್ ಕೂಡ ಮಾತಾಡಾಕತ್ತೀನ್ರಿ. ರಟ್ಟಿ ಬಿಡ್ರಿ.”

“ಕಾಲುವಿ ದಂಡಿ ಮ್ಯಾಲ ಯಾವ ದವಾಖಾನಿ ಐತ್ರೀ? ಬಿಡಂಗಿಲ್ಲ.”

“ಅವರು ಹಿಡಿದುಕೊಂಡೇ ಇರಲಿ,” ಎಂದರು ಡಾಕ್ಟರಮ್ಮ. ರಟ್ಟೆ ಹಿಡಿದವರ ಮುಂದೆಯೇ ಒಂದು ಮಾತು ಕೇಳಬಹುದೇ ಎಂದರು, ಹೂಂ ಎಂದು ತಲೆಯಾಡಿಸಿದೆ. “ಸಾಯೋ ಯೋಚನೆ ಬರುತ್ತಾ?”

ಇಲ್ಲ ಎಂಬ ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಅದು ಬರಲಿಲ್ಲ.

“ಸಾಯಾಕ ಮನಸಿಲ್ರಿ. ಆದ್ರ ಈ ಅಂಜಿಕಿ ತಡಕೊಳ್ಳಾಕ ಆಗ್ದ, ಒಂದಿನ ನಾನ ಏನರ ಮಾಡಿಕೊಂತೀನೇನೋ ಅನಸ್ತೈತಿ. ಬಸ್ಸು ಕಾಲುವಿ ದಾಟೂಮುಂದ ಕಣ್ಣು ಮುಚ್ಚಿಕೊಂತೀನ್ರಿ.”

ರಟ್ಟೆಯ ಮೇಲಿನ ಹಿಡಿತ ಬಿಗಿಯಾಯಿತು. ಡಾಕ್ಟರಮ್ಮನ ದನಿ ಮಾತ್ರ ಬದಲಾಗಲಿಲ್ಲ. ಮೊದಲು ನೀರಿನಿಂದ ದೂರ ಹೋಗಿ, ನಿಮ್ಮ ಮನೆಯವರ ಜೊತೆ ಮಾತಾಡುವ ತನಕ ನಾನು ಫೋನ್ ಇಡುವುದಿಲ್ಲ ಎಂದರು.

ರಟ್ಟೆ ಹಿಡಿದಿದ್ದವರು ನನ್ನನ್ನು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟರು. “ಗಟ್ಟಿ ಹಿಡ್ಕೋರಿ,” ಎಂದು ಹಾದಿಯುದ್ದಕ್ಕೂ ಹೇಳಿದರು. ಹೆಂಡತಿಗೆ ಹೇಳುವುದಕ್ಕೆ ಅಂಜಿದಷ್ಟು ನಾನು ಸಾವಿಗೂ ಅಂಜಿರಲಿಲ್ಲ.

“ಡಾಕ್ಟರು ನಿನ್ನ ಕೂಡ ಮಾತಾಡ್ತಾರಂತ,” ಎಂದು ಬಾಗಿಲಲ್ಲೇ ಫೋನ್ ಕೊಟ್ಟೆ. ಅವಳು ನನ್ನ ತೋಳಿನ ಕೆಸರು ನೋಡಿದಳು, ಹಿಂದೆ ನಿಂತವರನ್ನು ನೋಡಿದಳು. ಫೋನ್ ಕಿವಿಗೆ ಹಿಡಿದು ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಳು.

“ಯಾಕ್ರಿ ಬೀಗರ, ಮಾರಿ ಬಾಡೈತಿ?” ಎಂದು ಯಾರೋ ಕೇಳಿದರು. ನಾನು ಅವರ ನಡುವೆ ಕುಳಿತು, ಆ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದೆ.