ನೆಲಮಾಳಿಗೆಯಲ್ಲಿ ಉಬ್ಬಿದ ಹಿಟ್ಟು

ನ್ಯೂರೆಂಬರ್ಗಿನ ನಮ್ಮ ಮನೆಯಲ್ಲಿ ಭಾನುವಾರ ಇಡ್ಲಿ ತಿಂದವರೆಲ್ಲ ಈಗ ದೊಡ್ಡ ದೊಡ್ಡ ಕೆಲಸಗಳಲ್ಲಿದ್ದಾರೆ. ಸಿಕ್ಕಾಗಲೆಲ್ಲ ಆ ಇಡ್ಲಿಯ ಮಾತು ತೆಗೆಯುತ್ತಾರೆ. ಅಂಥ ಚಳಿಯಲ್ಲಿ ಹಿಟ್ಟು ಅಷ್ಟು ಚೆನ್ನಾಗಿ ಹೇಗೆ ಉಬ್ಬುತ್ತಿತ್ತು ಎಂದು ಕೇಳಿದರೆ ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಕದ್ದ ಕರೆಂಟಿನಿಂದ ಉಬ್ಬುತ್ತಿತ್ತು. ವಯಸ್ಸಾಯಿತು, ಇನ್ನು ಮುಚ್ಚಿಡುವುದು ಬೇಡ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿಯಲ್ಲಿ ಬಸ್ ಏಜೆಂಟನಾಗಿದ್ದವನು. ಹೆಂಡತಿ ನರ್ಸ್. ಅವಳಿಗೆ ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅವಳ ಹಿಂದೆ ನಾನೂ ಬಂದು ಗೋದಾಮೊಂದರಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದೆ. ಕಂಪ್ಯೂಟರ್ ಕಲಿತವರನ್ನು ಹೊರದೇಶಗಳಿಂದ ಕರೆಸಿಕೊಳ್ಳಲು ಜರ್ಮನಿಯಲ್ಲೂ ಗ್ರೀನ್ ಕಾರ್ಡ್ ಶುರುವಾದ ಮೇಲೆ ಬೆಂಗಳೂರಿನ ಕಡೆಯ ಕಂಪ್ಯೂಟರ್ ಹುಡುಗರು ಈ ಊರಿಗೆ ಬರತೊಡಗಿದರು. ಅವರಿಗೆ ನಮ್ಮ ಮನೆಯೇ ಭಾನುವಾರದ ಹೋಟೆಲು.

ಕರೆಂಟನ್ನು ಬೇಕಾದ ಕಂಪನಿಯಿಂದ ಕೊಳ್ಳಬಹುದು ಎಂದು ಅಲ್ಲಿ ಕಾನೂನಾಗಿ ಹೆಚ್ಚು ಕಾಲವಾಗಿರಲಿಲ್ಲ. ಟಪಾಲು ಪೆಟ್ಟಿಗೆಯ ತುಂಬ ಬಣ್ಣದ ಜಾಹೀರಾತುಗಳು. ಲೈನ್‌ಮನ್‌ಗೆ ಕೈಮುಗಿದು ಬೆಳಕು ಕಂಡ ಊರಿನವನು ನಾನು. ಕರೆಂಟಿಗೂ ಚೌಕಾಸಿ ಮಾಡಬಹುದು ಎಂದರೆ ನನಗೆ ಹಬ್ಬವೇ ಆಯಿತು. ಅಮ್ಮ ಮಲ್ಪೆಯ ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದ ಹಾಗೆ ನಾನು ಒಂದೊಂದು ಜಾಹೀರಾತಿನ ಸಣ್ಣ ಅಕ್ಷರಗಳನ್ನು ಕೆದಕುತ್ತಿದ್ದೆ. ಇಡ್ಲಿ ತಿಂದ ಹುಡುಗರು ಕೈ ತೊಳೆದು ಬಿಲ್ಲುಗಳನ್ನು ನನ್ನ ಮುಂದೆ ಇಡುತ್ತಿದ್ದರು.

“ಅಂಕಲ್, ಈ ವರ್ಷ ಬಿಲ್ ನೋಡಿ ತಲೆ ಕೆಟ್ಟೋಯ್ತು.”

“ಅಂಕಲ್ ಕೈಗೆ ಕೊಡು ಮಗಾ, ಕಂಪನಿನೇ ಚೇಂಜ್ ಮಾಡಿಸ್ತಾರೆ. ನಾಳೆ ಹೆಂಡ್ತಿ ಹುಡುಕೋಕೂ ಇವ್ರ ಹತ್ರನೇ ಬರ್ಬೇಕು ನೀನು,” ಎಂದು ಪಕ್ಕದವನು ಕಾಲೆಳೆಯುತ್ತಿದ್ದ.

ಹಿಟ್ಟಿನದೇ ಕಷ್ಟವಾಗಿತ್ತು. ಅಡುಗೆಮನೆಯಲ್ಲಿಟ್ಟರೆ ಉಬ್ಬುತ್ತಿರಲಿಲ್ಲ, ಮಲಗುವ ಕೋಣೆಯಲ್ಲಿ ಹೀಟರಿನ ಪಕ್ಕ ಇಟ್ಟರೆ ಹೆಂಡತಿ ಒಪ್ಪುತ್ತಿರಲಿಲ್ಲ. “ಡ್ಯೂಟಿ ಮುಗಿಸಿ ಬಂದು ಈ ಹುಳಿ ವಾಸನೆಯಲ್ಲಿ ನಾನು ಮಲಗುವುದು ಹೇಗೆ ಮಾರಾಯ್ರೆ? ಕೆಳಗೆ ಕೆಲ್ಲರಿಗೆ ಕೊಂಡುಹೋಗಿ.”

ಕೆಲ್ಲರ್ ಎಂದರೆ ಕಟ್ಟಡದ ನೆಲಮಾಳಿಗೆ. ಅಲ್ಲಿ ಪ್ರತಿ ಮನೆಗೂ ಸಾಮಾನಿಡಲು ಒಂದು ಗೂಡು. ನಮ್ಮ ಗೂಡಿನ ಗೋಡೆಯಲ್ಲಿ ಹಳೆಯದೊಂದು ಪ್ಲಗ್ ಪಾಯಿಂಟ್ ಇತ್ತು, ಬೇರೆ ಯಾರ ಗೂಡಿನಲ್ಲೂ ಇರಲಿಲ್ಲ. ಅದರ ಕರೆಂಟು ಮೆಟ್ಟಿಲಿನ ದೀಪದ ಹಾಗೆ ಇಡೀ ಕಟ್ಟಡದ ಲೆಕ್ಕಕ್ಕೆ ಹೋಗುತ್ತದೆ ಎಂದು ನಾನೇ ತೀರ್ಮಾನಿಸಿಕೊಂಡೆ. ಎಂಟು ಮನೆಗೆ ಹಂಚಿಹೋದರೆ ಯಾರಿಗೆ ಗೊತ್ತಾಗುತ್ತದೆ? ಕೇಳಿದರೆ ಬೇಡ ಎನ್ನುತ್ತಾರೆಂದು ಯಾರನ್ನೂ ಕೇಳಲಿಲ್ಲ. ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಎಲೆಕ್ಟ್ರಿಕ್ ಹೀಟರನ್ನು ಪಾತ್ರೆಗಳ ಎದುರಿಟ್ಟು ಶುಕ್ರವಾರ ಸಂಜೆ ಹಾಕಿದರೆ ಭಾನುವಾರ ಬೆಳಿಗ್ಗೆ ತೆಗೆಯುತ್ತಿದ್ದೆ. ಹಿಟ್ಟು ಮುಚ್ಚಳವನ್ನೇ ಎತ್ತುತ್ತಿತ್ತು. ಹೀಗೆ ಎರಡು ಚಳಿಗಾಲ.

ಎರಡನೆಯ ಚಳಿಗಾಲ ಮುಗಿಯುವ ಮುಂಚೆ, ಒಂದು ಶನಿವಾರ ಮಧ್ಯಾಹ್ನ, ಮೂರನೆಯ ಮಹಡಿಯ ಅಜ್ಜಿ ಬಿಲ್ಲು ಹಿಡಿದು ಬಂದರು. ಅವರ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಗಂಡ ಕಟ್ಟಿದ ಆಟಿಕೆ ರೈಲು ಅವರ ಮನೆಯ ಒಂದು ಕೋಣೆಯನ್ನೇ ತುಂಬಿಕೊಂಡಿತ್ತು: ಸುರಂಗ, ಸೇತುವೆ, ದೀಪ ಹತ್ತುವ ಸ್ಟೇಷನ್ನು. ಭಾನುವಾರ ಸಂಜೆ ಕಟ್ಟಡದ ಮಕ್ಕಳನ್ನೆಲ್ಲ ಕರೆದು ಅದನ್ನು ಓಡಿಸುವುದೇ ಅವರ ಸಂಭ್ರಮ.

“ಹೆರ್ ನಾಖ್‌ಬಾರ್,” ಎಂದರು. ನೆರೆಮನೆಯವರೇ ಎಂದು ಗೌರವದಿಂದ ಕರೆಯುವ ರೀತಿ ಅದು. “ನೀವು ಕರೆಂಟಿನ ಪಂಡಿತರಂತೆ. ಎರಡು ವರ್ಷದಿಂದ ನನ್ನ ಬಿಲ್ಲು ಏರುತ್ತಲೇ ಇದೆ. ನನಗೂ ಒಂದು ಒಳ್ಳೆಯ ಕಂಪನಿ ಹುಡುಕಿಕೊಡಿ.”

ಅರ್ಜಿಗೆ ಮೀಟರಿನ ಅಂಕಿ ಬೇಕು. ಎಲ್ಲ ಮನೆಗಳ ಮೀಟರುಗಳೂ ಇದ್ದ ಕೆಲ್ಲರಿಗೆ ಇಬ್ಬರೂ ಇಳಿದೆವು. ಬಿಲ್ಲು ಏಕೆ ಏರುತ್ತಿದೆ ನೋಡೋಣವೆಂದು ಫ್ರಿಜ್ಜನ್ನೂ ಬಿಡದೆ ಎಲ್ಲ ಆರಿಸಿ ಬಂದಿದ್ದೇನೆ ಎಂದರು ಅಜ್ಜಿ. ಆದರೂ ಅವರ ಮೀಟರಿನೊಳಗಿನ ಚಕ್ರ ಬುಗುರಿಯ ಹಾಗೆ ತಿರುಗುತ್ತಿತ್ತು. ಟಾರ್ಚ್ ತರುತ್ತೇನೆ ಎಂದು ಹೇಳಿ ನಮ್ಮ ಗೂಡಿಗೆ ಹೋಗಿ ಹೀಟರಿನ ಪ್ಲಗ್ ಕಿತ್ತೆ. ಬಂದು ನೋಡಿದರೆ ಚಕ್ರ ನಿಂತಿತ್ತು.

“ಹಳೆಯ ಮೀಟರ್ ಮೇಡಂ, ಒಮ್ಮೊಮ್ಮೆ ಹೀಗಾಗುತ್ತದೆ,” ಎಂದೆ. “ಕಂಪನಿ ಬದಲಿಸಿದರೆ ಎಲ್ಲ ಸರಿಹೋಗುತ್ತದೆ.”

ಕಂಪನಿ ಬದಲಾದರೂ ಮೀಟರ್ ಬದಲಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಿ ನಂಬಿದರು, ಮರುದಿನ ಸೇಬಿನ ಕೇಕು ತಂದುಕೊಟ್ಟರು. ನಾನು ತಿಂದೆ. ರುಚಿಯಾಗಿಯೇ ಇತ್ತು.

ಅಂದಿನಿಂದ ಹೀಟರ್ ಹಾಕಲಿಲ್ಲ. “ಏನ್ ಅಂಕಲ್, ಇಡ್ಲಿನಾ ಇದು, ಪೇಪರ್ ವೇಟಾ?” ಎಂದು ಹುಡುಗರು ನಕ್ಕರೆ ನಾನೂ ನಕ್ಕೆ. ವಿಷಯ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಹೊಸ ಕಂಪನಿ ತಿಂಗಳ ಕಂತನ್ನು ಹಿಂದಿನ ವರ್ಷ ಖರ್ಚಾದ ಕರೆಂಟಿನ ಮೇಲೆ ಗೊತ್ತುಮಾಡಿತ್ತು. ಹಾಗಾಗಿ ಅಜ್ಜಿಯ ಕಂತು ಇಳಿದದ್ದು ಹೆಸರಿಗೆ ಮಾತ್ರ. ಒಂದು ಬುಧವಾರ ಮೆಟ್ಟಿಲಿನಲ್ಲಿ ಸಿಕ್ಕರು. “ನಿಮ್ಮ ತಪ್ಪಲ್ಲ ಬಿಡಿ. ಕರೆಂಟು ತಿನ್ನುತ್ತಿರುವುದು ನನ್ನ ರೈಲೇ ಇರಬೇಕು. ಡ್ಯೂಸೆಲ್ಡಾರ್ಫಿನವರೊಬ್ಬರಿಗೆ ಮಾರಲು ಒಪ್ಪಿದ್ದೇನೆ, ಭಾನುವಾರ ಬಂದು ಎಲ್ಲವನ್ನೂ ಕೊಂಡುಹೋಗುತ್ತಾರೆ,” ಎಂದು ನಗಲು ನೋಡಿದರು. ಆಗಲಿಲ್ಲ.

ಶನಿವಾರ ಬೆಳಿಗ್ಗೆ ಮೂರನೆಯ ಮಹಡಿ ಹತ್ತಿದೆ. ಆಟಿಕೆ ರೈಲಿನ ಬೋಗಿಗಳನ್ನು ಅವರು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಿದ್ದರು. ನಿಂತುಕೊಂಡೇ ನನ್ನ ಮುರುಕು ಜರ್ಮನಿನಲ್ಲಿ ಹೀಟರು, ಹಿಟ್ಟು, ಪ್ಲಗ್ ಎಲ್ಲ ಹೇಳಿದೆ.

“ಆ ಗೂಡು ಮೊದಲು ನಮ್ಮದಾಗಿತ್ತು,” ಎಂದರು ಅಜ್ಜಿ ನಿಧಾನವಾಗಿ. “ಈ ಸುರಂಗ ಮಾಡಿದ್ದು ಅಲ್ಲೇ. ನನ್ನ ಗಂಡ ನಮ್ಮ ಮೀಟರಿನಿಂದಲೇ ತಂತಿ ಎಳೆದಿದ್ದರು.” ಆಮೇಲೆ ನನ್ನ ಕಣ್ಣನ್ನೇ ನೋಡಿದರು. “ಅಂದು ಚಕ್ರ ನಿಂತಾಗ ನಿಮಗೆ ಗೊತ್ತಿತ್ತೇ?”

ಇಲ್ಲ ಎನ್ನಬಹುದಿತ್ತು. “ಗೊತ್ತಿತ್ತು,” ಎಂದೆ.

ಅಜ್ಜಿ ಮೇಜಿನ ಕಡೆ ಹೋದರು. ತಿರುಗಿ ಬಂದವರೇ ಕಾಗದ, ಪೆನ್ನು ಕೊಟ್ಟು, ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ ಎಂದರು. ಹಾಕಿದೆ. ಎರಡು ಚಳಿಗಾಲದ ಹಣವನ್ನು ಆಮೇಲೆ ಪೂರ್ತಿ ವಸೂಲಿ ಮಾಡಿದರು, ಅದರಲ್ಲಿ ದಾಕ್ಷಿಣ್ಯ ತೋರಿಸಲಿಲ್ಲ. ನನಗೂ ಅದೇ ಬೇಕಿತ್ತು.

ಸಹಿಯ ಶಾಯಿ ಒಣಗುವ ಮುಂಚೆಯೇ ಅವರಿಗೆ ಇನ್ನೊಂದು ವಿಷಯ ಹೊಳೆಯಿತು. “ಹಾಗಾದರೆ ನನ್ನ ರೈಲು ಕಳ್ಳ ಅಲ್ಲ!”

“ಅಲ್ಲವೇ ಅಲ್ಲ ಮೇಡಂ.”

“ನಿಮ್ಮ ಮಾತನ್ನು ಇನ್ನು ನಾನು ನಂಬುವುದಿಲ್ಲ. ಕೆಳಗೆ ಹೋಗಿ. ಎಲ್ಲ ಆರಿಸಿ ಬರೀ ರೈಲು ಓಡಿಸುತ್ತೇನೆ. ಚಕ್ರ ಹೇಗೆ ತಿರುಗುತ್ತದೆ, ಅಲ್ಲಿಂದಲೇ ಕೂಗಿ.”

ನಾಲ್ಕು ಮಾಳಿಗೆ ಇಳಿದು ಮೀಟರಿನ ಮುಂದೆ ಕೂತೆ. ಚಕ್ರದ ಕೆಂಪು ಗೆರೆ ಬಸವನ ಹುಳುವಿನ ಹಾಗೆ ತೆವಳುತ್ತಿತ್ತು. ಮೆಟ್ಟಿಲಿನ ಬುಡಕ್ಕೆ ಓಡಿಬಂದು ಕತ್ತೆತ್ತಿ ಕೂಗಿದೆ, “ನಿಧಾನ ಮೇಡಂ! ಬಹಳ ನಿಧಾನ!”

ನನ್ನ ಕೂಗಿಗೆ ಬಾಗಿಲುಗಳು ತೆರೆದವು, ಮಕ್ಕಳು ಹೊರಗೆ ಬಂದವು. ಮೇಲಿನಿಂದ ಅಜ್ಜಿಯ ನಗು ಕೇಳಿಸಿತು. “ಇರಿ, ಇನ್ನೊಂದು ರೈಲು ಬಿಡುತ್ತೇನೆ! ಸ್ಟೇಷನ್ನಿನ ದೀಪವನ್ನೂ ಹಾಕುತ್ತೇನೆ! ಈಗ ಹೇಗಿದೆ, ನೋಡಿ ಹೇಳಿ!”

ಮತ್ತೆ ಓಡಿದೆ, ನೋಡಿದೆ, ಕೂಗಿದೆ. ರೈಲು ಮಾರುವುದಿಲ್ಲ ಎಂದು ಅಜ್ಜಿ ಡ್ಯೂಸೆಲ್ಡಾರ್ಫಿನವರಿಗೆ ಫೋನು ಮಾಡುವಷ್ಟರಲ್ಲಿ ನಾನು ಆ ಮೆಟ್ಟಿಲಿನ ಬುಡಕ್ಕೆ ಐದು ಸಲ ಓಡಿದ್ದೆ. ಮಕ್ಕಳೆಲ್ಲ ಆಗಲೇ ಮೂರನೆಯ ಮಹಡಿ ಹತ್ತಿಯಾಗಿತ್ತು.